ರಿಮೋಟ್ ಇಲ್ಲದ ಪ್ಲೇಯರ್

ನಮ್ಮ ಯಜಮಾನರು ಸುರೇಂದ್ರ ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಅದೇ ವಾರ ಅವರ ಸಿ.ಡಿ. ಪ್ಲೇಯರೂ ಕೆಟ್ಟಿತು. ಹಾಸಿಗೆಯಿಂದ ಏಳುವ ಹಾಗಿಲ್ಲ, ಗೋಡೆಯುದ್ದದ ಕಪಾಟಿನ ತುಂಬ ಸಂಗೀತದ ಸಿ.ಡಿ.ಗಳು, ಕೇಳಲು ಯಂತ್ರವಿಲ್ಲ. ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮದುವೆಯಾದಾಗಿನಿಂದ ನಾನು ಆ ಕಪಾಟು ಮುಟ್ಟಿದವಳಲ್ಲ. ಅಡುಗೆಮನೆಯ ಜಿಡ್ಡು ಕೈ ತಾಗಿದರೆ ಸಿ.ಡಿ. ಹಾಳಾಗುತ್ತದಂತೆ. ನನ್ನ ಹಾಡೂ ಅವರಿಗೆ ಜಿಡ್ಡೇ. ಹೊಸನಗರದ ದುಗ್ಗಮ್ಮಕ್ಕನ ಜೊತೆ ನಾವು ಕೆಲವು ಹೆಂಗಸರು ಮದುವೆಮನೆಗಳಲ್ಲಿ ಸೋಬಾನೆ ಹೇಳುತ್ತಿದ್ದೆವು. ತೀರ್ಥಹಳ್ಳಿಯ ಸ್ಟುಡಿಯೋ ಒಂದರಲ್ಲಿ ಅದರ ಸಿ.ಡಿ. ಮಾಡಿಸಿದೆವು. ಎತ್ತಿ ಹೇಳುವವಳು ನಾನು, ಉಳಿದವರು ನನ್ನ ಹಿಂದೆ. ಕಪಾಟಿನ ಮೂಲೆಯಲ್ಲಿ ಇದಕ್ಕೂ ಒಂದು ಜಾಗ ಕೊಡಿ ಎಂದು ಕೇಳಿದೆ. ಅವರು ಒಮ್ಮೆಯೂ ಹಾಕಿ ಕೇಳದೆ, ನೆಂಟರ ಎದುರಿಗೇ ಅದರ ತೂತಿಗೆ ದಾರ ಪೋಣಿಸಿ, ಕಿಟಕಿಯಾಚೆಯ ಪೇರಲೆ ಮರಕ್ಕೆ ಕಟ್ಟಿದರು.

"ಗಿಣಿನಾದ್ರೂ ಹೆದರ್ಲಿ ಬಿಡು" ಎಂದರು.

ನೆಂಟರು ನಕ್ಕರು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಈಗ ಹಳೆಯ ಸೆಟ್ಟು ರಿಪೇರಿ ಮಾಡಿ ಮಾರುವ ವಿನೋದನ ಅಂಗಡಿಗೆ, ಸಾಗರಕ್ಕೆ, ನನ್ನನ್ನೇ ಕಳಿಸಬೇಕಾಯಿತು. ಐದು ಸಿ.ಡಿ. ಒಟ್ಟಿಗೆ ಹಿಡಿಯಬೇಕು, ರಿಮೋಟ್ ಇರಲೇಬೇಕು ಎಂದು ಹೇಳಿ ಹೇಳಿ ನನ್ನ ತಲೆ ತಿಂದಿದ್ದರು. ಅಂಥದ್ದು ವಿನೋದನ ಬಳಿ ಇತ್ತು. ಪಕ್ಕದಲ್ಲೇ ಇನ್ನೊಂದಿತ್ತು. ಒಮ್ಮೆಗೆ ಒಂದೇ ಸಿ.ಡಿ., ರಿಮೋಟ್ ಇಲ್ಲ, ಪ್ರತಿಯೊಂದಕ್ಕೂ ಎದ್ದು ಹೋಗಿ ಗುಂಡಿ ಒತ್ತಬೇಕು. ಅಷ್ಟೊಂದು ಸಿ.ಡಿ. ಇರುವ ಮನೆಗೆ ಮೊದಲನೆಯದೇ ಸರಿ ಎಂದು ವಿನೋದ ಪಟ್ಟು ಹಿಡಿದ.

"ಎದ್ದು ಹೋಗಿ ಒತ್ತೋಕೆ ನಾನಿದೀನಲ್ಲ ಮಾರಾಯ. ಇದನ್ನೇ ಕಟ್ಕೊಡು" ಎಂದೆ.

ಅಲ್ಲಿಂದ ಸೀದಾ ಹೊಸನಗರದ ಬಸ್ಸು ಹತ್ತಿ, ದುಗ್ಗಮ್ಮಕ್ಕ ಜೋಪಾನವಾಗಿಟ್ಟಿದ್ದ ಸೋಬಾನೆ ಸಿ.ಡಿ.ಯನ್ನು ಕೇಳಿ ಪಡೆದು ತಂದೆ.

ಮನೆಗೆ ಬಂದು ಪ್ಲೇಯರನ್ನು ಅವರ ಕೈಗೆಟುಕದ ಹಾಗೆ ಎದುರು ಗೋಡೆಯ ಕಪಾಟಿನ ಮೇಲಿಟ್ಟೆ. ರಿಮೋಟ್ ಎಲ್ಲಿ ಎಂದು ಕೇಳಿದರು. ಇದಕ್ಕೆ ಇಲ್ಲ ಎಂದೆ. ಬುದ್ಧಿಗೇಡಿ ಎಂದು ಬಾಯಿಗೆ ಬಂದ ಹಾಗೆ ಬೈದರು. ಬೈದು ಮುಗಿಯಲಿ ಎಂದು ಒಳಗೆ ಹೋಗಿ ಒಗ್ಗರಣೆ ಹಾಕಿ ಬಂದೆ. ಅದೇ ಕೈಯಿಂದ ಸೋಬಾನೆ ಹಾಕಿ, ಸೌಂಡು ಪೂರ್ತಿ ಏರಿಸಿದೆ. ಮನೆ ತುಂಬ ನನ್ನ ದನಿ. ಅಷ್ಟು ಖುಷಿ ನನಗೆ ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ನಿಲ್ಲಿಸು ಎಂದರು. ಮತ್ತೆ ಕೂಗಿದರು. ನಾನು ಕಪಾಟು ತೆರೆದು, ಅವರು ದಿನಾ ಬೆಳಿಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಹಾಕಿಕೊಳ್ಳುತ್ತಿದ್ದ ಸಿ.ಡಿ. ತೆಗೆದೆ. ಹಾಸಿಗೆಯ ಪಕ್ಕ ಕೂತು ಅದರ ತೂತಿಗೆ ದಾರ ಪೋಣಿಸತೊಡಗಿದೆ.

"ಏ, ಎಂತ ಮಾಡ್ತಿದೀಯ ನೀನು?"

"ಪೇರಲೆ ಮರದಲ್ಲಿ ಇನ್ನೂ ಬೇಕಾದಷ್ಟು ಕೊಂಬೆ ಇದಾವೆ. ನೀವು ನಿಲ್ಸು ಅಂತಾ ಇರಿ, ನಾನು ಒಂದೊಂದೇ ಕಟ್ತಾ ಬರ್ತೀನಿ."

ಕಿಟಕಿಯಾಚೆ ನನ್ನ ಹಳೆಯ ಸಿ.ಡಿ. ಗಾಳಿಗೆ ತಿರುಗುತ್ತಿತ್ತು. ಅದನ್ನು ನೋಡಿದರು, ತೆರೆದ ಕಪಾಟನ್ನು ನೋಡಿದರು. ಬಾಯಿ ಮುಚ್ಚಿಕೊಂಡು ಕೊನೆಯ ಹಾಡಿನವರೆಗೂ ಕೇಳಿದರು. ಮುಗಿದ ಮೇಲೆ, ಈಗಲಾದರೂ ನನ್ನದು ಹಾಕ್ತೀಯಾ ಎಂದು ಮೆಲ್ಲಗೆ ಕೇಳಿದರು.

ನಾನು ದಾರ ಬಿಚ್ಚದೆಯೇ ಎದ್ದು ಹೋಗಿ, ಸೋಬಾನೆಯನ್ನೇ ಮೊದಲಿನಿಂದ ಹಾಕಿದೆ.