ಹಿಂದಿನ ಮೆಟ್ಟಿಲ ಬುಡದ ಖೋಲಿ

ನನ್ನನ್ನು ಕಂಡರೆ ಕಟ್ಟಡದ ಮಾಲೀಕರ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಗುತ್ತದೆ. ಬೆಂಕಿ ಬಿದ್ದರೆ ಒಳಗಿನ ಜನ ಹೇಗೆ ಹೊರಗೆ ಬರುತ್ತಾರೆ ಅಂತ ಅಳೆದು ವರದಿ ಬರೆಯುವುದು ನನ್ನ ಕಸುಬು. ಆ ವರದಿ ಇಲ್ಲದೆ ಕಟ್ಟಡಕ್ಕೆ ಮಂಜೂರಾತಿ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಮಾಲೀಕನೂ ನನ್ನನ್ನು ವಾಸ್ತುಶಾಂತಿಗೆ ಕರೆದಿಲ್ಲ. ಕರೆಯದಿದ್ದರೆ ಕತ್ತೆ ಬಾಲ. ಜೇವರ್ಗಿಯಲ್ಲಿ ನನ್ನದೇ ಮನೆ ಇದೆ. ಮದುವೆ ಆಗಲಿಲ್ಲ. ಅನ್ನ ಮಾಡಿಕೊಂಡರೆ ಎರಡು ಹೊತ್ತಿಗೆ ಬರುತ್ತದೆ.

ಕಡಗಂಚಿಯ ಆ ಹುಡುಗಿಯರ ಹಾಸ್ಟೆಲ್ ನಿಂಬರ್ಗಾದ ಮಲ್ಲಣ್ಣನದು. ಏಳು ವರ್ಷ ಕಾಗದಪತ್ರ ಇಲ್ಲದೆಯೇ ನಡೆಸಿದ್ದ. ಈಗ ಮೇಲೆ ಇನ್ನೊಂದು ಮಹಡಿ ಎಬ್ಬಿಸಬೇಕು, ಅದಕ್ಕೆ ನಾನು ನೆನಪಾಗಿದ್ದೆ. ನಕ್ಷೆಯಲ್ಲಿ ಮುಂದೊಂದು ಮೆಟ್ಟಿಲು, ಹಿಂದೊಂದು ಮೆಟ್ಟಿಲು. ಹಿಂದಿನದನ್ನು ಇಳಿದು ಬಂದೆ. ಹೊರಬಾಗಿಲು ಇರಬೇಕಾದಲ್ಲಿ ಗೋಡೆ ಕಟ್ಟಿ ಒಂದು ಖೋಲಿ ಮಾಡಿದ್ದರು. ಹೊರಬಾಗಿಲು ಆ ಖೋಲಿಯೊಳಗೆ ಸೇರಿಕೊಂಡು, ಅದಕ್ಕೆ ಬೀಗ ಬಿದ್ದಿತ್ತು. ಒಳಗೆ ಒಂದು ಮಂಚ, ಒಂದು ಟ್ರಂಕು, ಸಣ್ಣ ಗ್ಯಾಸ್ ಒಲೆ ಮತ್ತು ವಾರ್ಡನ್ ಖುರ್ಷಿದಬೇಗಂ.

"ಹುಡುಗ್ಯಾರು ಹಿಂದಿನಿಂದ ಹೊರಗ ಹೋಗಬಾರ್ದಲ್ರಿ, ತಂದಿ-ತಾಯಿ ನನ್ನ ಹಿಡಕೋತಾರ. ಅದಕ್ಕ ಈ ವಾರ್ಡನ್ ಖಾಲಾನ್ನ ಅಲ್ಲೇ ಇಟ್ಟೀನಿ" ಅಂದ ಮಲ್ಲಣ್ಣ, ದೊಡ್ಡ ಉಪಾಯ ಮಾಡಿದವನ ಹಾಗೆ.

ಮೊದಲ ದಿನ ಮಧ್ಯಾಹ್ನ ನಾನು ಟೇಪು ಹಿಡಿದು ಬೈದುಕೊಳ್ಳುತ್ತ ಓಡಾಡುತ್ತಿದ್ದೆ. ಖುರ್ಷಿದಬೇಗಂ ಬಾಗಿಲಲ್ಲಿ ನಿಂತು, "ಸಾಹೇಬ್ರ, ಊಟ ಆಗ್ಯದೇನ್ರಿ?" ಅಂತ ಕೇಳಿದರು. ಯಾರಾದರೂ ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ! ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಹೆಚ್ಚು ಮಾತಾಡುವ ಹೆಂಗಸಲ್ಲ. ನಾನು ಉಣ್ಣುವಾಗ ಮೇಲಿನ ಹುಡುಗಿಯೊಬ್ಬಳ ಕುರ್ತಾಕ್ಕೆ ಗುಂಡಿ ಹಚ್ಚುತ್ತಿದ್ದರು. ಎರಡು ದಿನದಲ್ಲಿ ಅಳತೆ ಮುಗಿಯಿತು. ಮೂರನೆಯ ದಿನವೂ ಹೋದೆ. ಅಳೆದ ಗೋಡೆಯನ್ನೇ ಮತ್ತೊಮ್ಮೆ ಅಳೆದೆ. ಐವತ್ತನಾಲ್ಕರ ಗಂಡಸು ಹೀಗೆ ಮಾಡಬಾರದು, ಆದರೆ ಮಾಡಿದೆ.

ಅವತ್ತು ಅವರು ನೇರವಾಗಿ ಕೇಳಿದರು. "ನನ್ನ ಖೋಲಿ ಉಳೀತದೇನ್ರಿ?"

"ಬೆಂಕಿ ಬಿತ್ತಂದ್ರ ಮ್ಯಾಲಿನ ಹುಡುಗ್ಯಾರು ಇಲ್ಲೇ ಬಂದು ಗ್ವಾಡಿ ಬಡೀತಾರ, ಆಪಾ. ಆವತ್ತ ನೀವು ಖೋಲಿಗಿ ಚಾವಿ ಹಾಕ್ಕೊಂಡು ಆಳಂದಕ್ಕ ಹೋಗಿದ್ರ?"

ಅವರು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟರು. "ಖರೇ ಅದ್ರಿ. ಹುಡುಗ್ಯಾರ ಜೀವಕ್ಕಿಂತ ಖೋಲಿ ದೊಡ್ಡದೇನಲ್ಲ. ಆದ್ರ ಇದು ಬಿಟ್ರ ನನಗ ಗೊಬ್ಬೂರಾಗ ತಮ್ಮನ ಮಗ ಇಸ್ಮಾಯಿಲನ ಮನಿ ಒಂದೇ. ಅವನ ಹೆಂಡ್ತಿ ಚೊಲೋಕಿನೇ. ಆದ್ರೂ ಅದು ಅಕಿ ಮನಿ. ಇದು ನಂದು."

"ನೋಡ್ತೇನ್ರಿ" ಅಂದೆ.

ನೋಡಿದೆ ಕೂಡ. ಪ್ರತಿ ಮಹಡಿಯ ಪಡಸಾಲೆ ಉತ್ತರಕ್ಕೆ ಒಂದು ಕಿಟಕಿಯಲ್ಲಿ ಮುಗಿಯುತ್ತಿತ್ತು. ಆ ಕಿಟಕಿ ಒಡೆದು ಬಾಗಿಲು ಮಾಡಿ, ಹೊರಗಿನಿಂದ ಕಬ್ಬಿಣದ ಮೆಟ್ಟಿಲು ನಿಲ್ಲಿಸಿದರೆ ಆಯಿತು. ಹುಡುಗಿಯರಿಗೂ ದಾರಿ, ಖುರ್ಷಿದಬೇಗಂಗೂ ಖೋಲಿ. ಭಾನುವಾರ ಬೆಳಿಗ್ಗೆ ಕೂತು ಖುಷಿಯಿಂದ ನಕ್ಷೆ ಬರೆದೆ, ವರದಿಗೆ ಸೇರಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು.

ಆದರೆ ನನ್ನದೊಂದು ರೂಢಿ ಇದೆ. ಯಾವ ವರದಿಯಲ್ಲೂ ನಾನು ಒಂದೇ ಪರಿಹಾರ ಬರೆಯುವುದಿಲ್ಲ. ಒಂದೇ ಬರೆದರೆ ಮಾಲೀಕ ಮೈಮೇಲೆ ಏರಿ ಬರುತ್ತಾನೆ, ಕಬ್ಬಿಣದಂಗಡಿಯವನ ಜೊತೆ ಶಾಮೀಲು ಅನ್ನುತ್ತಾನೆ. ಎರಡು ಬರೆದರೆ ಆರಿಸಿಕೊಂಡವನು ಅವನು, ನಾನು ಪಾರು. ಹಾಗಾಗಿ ಕೈ ತಾನಾಗಿ ಕೆಳಗೆ ಬರೆಯಿತು: ಅಥವಾ, ಹಿಂದಿನ ಮೆಟ್ಟಿಲ ಬುಡದಲ್ಲಿರುವ ಖೋಲಿಯನ್ನು ತೆಗೆದು ಹೊರಬಾಗಿಲನ್ನು ತೆರವುಗೊಳಿಸುವುದು. ಓದಿದೆ. ಹೊಡೆದುಹಾಕಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. ಮಲ್ಲಣ್ಣನಿಗೂ ಕರುಳು ಇರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಲ್ಲಣ್ಣ ಯಾವುದನ್ನು ಆರಿಸುತ್ತಾನೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಸಹಿ ಹಾಕಿ ಕಳಿಸಿದೆ.

ತಿಂಗಳ ಮೇಲೆ ಕೊನೆಯ ತಪಾಸಣೆಗೆ ಹೋದಾಗ ಖೋಲಿ ಇರಲಿಲ್ಲ. ಸುಣ್ಣ ಬಳಿದ ಓಣಿಯಂಥ ದಾರಿ, ಕೊನೆಗೆ ದೂಡಿದರೆ ಹೊರಕ್ಕೆ ತೆರೆಯುವ ಬಾಗಿಲು. ಗಂಟೆ ಬಾರಿಸಿದೆವು. ಹುಡುಗಿಯರು ನಗುತ್ತ, ಚಪ್ಪಲಿ ಬಡಿಯುತ್ತ ಇಳಿದು ಬಯಲಿಗೆ ಬಂದರು. ಎಲ್ಲ ನಿಯಮದ ಪ್ರಕಾರವೇ ಇತ್ತು. ಅಷ್ಟು ಚೊಕ್ಕಟವಾದ ದಾರಿಯನ್ನು ನಾನು ಈ ಸೀಮೆಯಲ್ಲಿ ಕಂಡಿಲ್ಲ. ಅದನ್ನು ನೋಡುತ್ತ ನಿಂತಾಗ ಅಳು ಬಂತು, ಮಲ್ಲಣ್ಣ ಪಕ್ಕದಲ್ಲಿದ್ದ ಅಂತ ಕೆಮ್ಮಿದೆ.

ಬಸ್ಸಿಗೆ ಕಾಯುತ್ತ ಗೊಬ್ಬೂರಿಗೆ, ಖುರ್ಷಿದಬೇಗಂಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಹುಡುಗ್ಯಾರು ಲಗೂನ ಹೊರಗ ಬಂದ್ರೇನ್ರಿ?"

"ಎರಡು ನಿಮಿಷದಾಗ ಎಲ್ಲಾರೂ ಬಂದ್ರು, ಆಪಾ."

"ಚೊಲೋ ಆತು." ದನಿ ತಗ್ಗಿಸಿದರು. "ಇಲ್ಲಿ ಎಲ್ಲಾರೂ ಚೊಲೋ ನೋಡ್ಕೋತಾರ್ರಿ. ಆದ್ರ ಎಲ್ಲಿ ಕೂತ್ರೂ ಯಾರಿಗರೆ ಅಡ್ಡ ಕೂತಂಗ ಅನಸ್ತದ." ಆಮೇಲೆ ಕೇಳಿದರು. "ಸಾಹೇಬ್ರ, ಬ್ಯಾರೆ ದಾರಿನೇ ಇರ್ಲಿಲ್ಲಲ್ರಿ? ಸಾಹೇಬ್ರು ಬರದದ್ದೇ ಅದೊಂದು, ನಾ ಏನ್ ಮಾಡ್ಲಿ ಅಂದ್ರು ಮಲ್ಲಣ್ಣೋರು."

ವರದಿಯ ಪ್ರತಿ ನನ್ನ ಚೀಲದಲ್ಲೇ ಇತ್ತು. ಓದಿ ಹೇಳಿದ್ದರೆ ಮಲ್ಲಣ್ಣನ ಸುಳ್ಳು ಹೊರಗೆ ಬೀಳುತ್ತಿತ್ತು, ಕಬ್ಬಿಣದ ಮೆಟ್ಟಿಲ ಕೆಳಗೆ ನಾನೇ ಬರೆದ 'ಅಥವಾ' ಸಾಲೂ ಬೀಳುತ್ತಿತ್ತು.

"ಇರ್ಲಿಲ್ಲ, ಆಪಾ" ಅಂದೆ.

"ಹಂಗಂದ್ರ ಸಮಾಧಾನ ಆತ್ರಿ. ಇದ್ದಿದ್ರ ನೀವು ಬರೀತಿದ್ರಿ ಅಂತ ನನಗ ಗೊತ್ತಿತ್ತು."

ನಾನು ಹೂಂ ಅಂದೆ.