ಪೂಜೆಗಿಟ್ಟ ಸರಪಳಿ

ಸರಪಳಿ ಹಾಕದೆ ಟ್ರೈಲರ್ ಎಳೆಯುವವರನ್ನು ಕಂಡರೆ ಮಾಯಣ್ಣನಿಗೆ ಮೈಯೆಲ್ಲ ಉರಿಯುತ್ತಿತ್ತು. ಚಾಮರಾಜಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮದುವೆ ಮನೆಗಳಿಗೆ, ಗಣೇಶನ ಪೆಂಡಾಲುಗಳಿಗೆ ಜನರೇಟರ್ ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ ಅವನು. ಎರಡು ಚಕ್ರದ ಟ್ರೈಲರಿನ ಮೇಲೆ ಜನರೇಟರು, ಎಳೆಯಲು ಒಂದು ಪಿಕಪ್ಪು, ನಡುವೆ ಒಂದು ಹುಕ್ಕು. ಮೂರು ವರ್ಷದ ಹಿಂದೆ ಫಿಟ್‌ನೆಸ್ ಸರ್ಟಿಫಿಕೇಟಿಗೆಂದು ಗಾಡಿ ಒಯ್ದಾಗ ಇನ್‌ಸ್ಪೆಕ್ಟರು ಬಗ್ಗಿ ನೋಡಿ, "ಹುಕ್ ಇದೆ, ಸರಿ. ಹುಕ್ ಬಿಟ್ಕೊಂಡ್ರೆ ಏನಿದೆ? ಕಾನೂನು ಕೇಳೋದು ಅದನ್ನ," ಎಂದು ಎಲ್ಲರೆದುರು ಮಂಗಳಾರತಿ ಎತ್ತಿ ವಾಪಸ್ಸು ಕಳಿಸಿದ್ದರು.

ಅವತ್ತಿನಿಂದ ಮಾಯಣ್ಣ ಕಾನೂನಿನ ಪರಮ ಭಕ್ತನಾದ. ಎರಡು ಸರಪಳಿ ಬೇಕು, ಟ್ರೈಲರಿನ ಪೂರ್ತಿ ಭಾರ ತಡೆಯುವಂಥವು. ಹುಕ್ಕಿನ ಕೆಳಗೆ ಅವು ಒಂದರ ಮೇಲೊಂದು ಕತ್ತರಿಯ ಹಾಗೆ ಹಾಯಬೇಕು, ಹುಕ್ಕು ಕಳಚಿದರೆ ಟ್ರೈಲರಿನ ಮೂತಿ ಅವುಗಳ ಮೇಲೆ ಬಂದು ಕೂರಬೇಕು. ರಸ್ತೆಗೆ ಉಜ್ಜುವಷ್ಟು ಉದ್ದ ಇರಕೂಡದು. ಇನ್‌ಸ್ಪೆಕ್ಟರು ಹೇಳಿದ್ದನ್ನೆಲ್ಲ ದಪ್ಪಕ್ಷರದಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಪಿಕಪ್ಪಿನ ಸ್ಟೇರಿಂಗ್ ಪಕ್ಕದಲ್ಲೇ ಅಂಟಿಸಿಕೊಂಡ. ಸಿಗ್ನಲ್ಲಿನಲ್ಲಿ ಯಾರದ್ದೋ ಟ್ರೈಲರು ಬರಿಯ ಹುಕ್ಕಿನಲ್ಲಿ ನಿಂತಿದ್ದರೆ ಇಳಿದು ಹೋಗಿ ಬುದ್ಧಿ ಹೇಳುತ್ತಿದ್ದ. ಅವರು ಬೈದರೆ ಇವನೂ ಬೈಯುತ್ತಿದ್ದ.

ಬಾಡಿಗೆ ಜನರೇಟರಿನವರ ಸಂಘದ ಮೀಟಿಂಗಿನಲ್ಲಿ ಹನುಮಂತನಗರದ ಶೀನಣ್ಣನ ಮೇಲಂತೂ ಹರಿಹಾಯ್ದಿದ್ದ. ಇಬ್ಬರೂ ಹಳೇ ಗೆಳೆಯರು, ಏಕವಚನದ ಸಲಿಗೆ. ಶೀನಣ್ಣ ಪಾಪ, "ಇಲ್ಲೇ ಎರಡು ಕಿಲೋಮೀಟರಿಗೆ ಏನಾಗತ್ತೆ ಬಿಡೋ," ಎಂದಷ್ಟೇ ಅಂದಿದ್ದು.

"ಏನಾಗತ್ತಾ? ಜನದ ತಲೆ ಮೇಲೆ ಬಂಡೆ ತೂಗಾಕೊಂಡು ಓಡಾಡ್ತಿದೀಯಲ್ಲೋ, ಕೊಲೆಗಡುಕ! ಸರಪಳಿ ಹಾಕು. ಹಾಕಿದ ಮೇಲೆ ಬಿಚ್ಚಬೇಡ. ನೀನು ಬಿಚ್ಚಿದ ದಿನಾನೇ ಅದು ಕಳಚ್ಕೊಳ್ಳೋದು!"

ನಲವತ್ತು ಜನರ ಮುಂದೆ ಹಾಗೆ ಅನ್ನಿಸಿಕೊಂಡ ಶೀನಣ್ಣ ಎದ್ದು ಹೊರಟುಹೋದ. ಎಂಟು ತಿಂಗಳಿಂದ ಇಬ್ಬರಿಗೂ ಮಾತಿಲ್ಲ.

ಈ ಸಲದ ಆಯುಧಪೂಜೆಯ ದಿನ ಬೆಳಿಗ್ಗೆ ಮಾಯಣ್ಣ ತನ್ನ ಕೈಯಾರೆ ಸರಪಳಿಗಳನ್ನು ಬಿಚ್ಚಿ, ಡೀಸೆಲ್ಲಿನಲ್ಲಿ ಗ್ರೀಸು ತೊಳೆದು, ಒರೆಸಿ ಹೆಂಡತಿಯ ಕೈಗೆ ಕೊಟ್ಟ. ಲಕ್ಕಮ್ಮ ಅವನ್ನು ಸ್ಪ್ಯಾನರು, ಸುತ್ತಿಗೆಗಳ ಜೊತೆ ಚೌಡೇಶ್ವರಿಯ ಫೋಟೋ ಮುಂದೆ ಸುರುಳಿ ಸುತ್ತಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಆ ಮನೆಯಲ್ಲಿ ಅತ್ತೆಯ ಕಾಲದಿಂದ ಬಂದ ಪದ್ಧತಿ: ಪೂಜೆಗಿಟ್ಟ ಕಬ್ಬಿಣವನ್ನು ವಿಜಯದಶಮಿ ಬೆಳಿಗ್ಗೆ ಆರತಿ ಆಗುವವರೆಗೂ ಕದಲಿಸುವ ಹಾಗಿಲ್ಲ. ಆಮೇಲೆ ಗಾಡಿಗೆ ಬಾಳೆಕಂದು, ಚಕ್ರಕ್ಕೆ ನಿಂಬೆಹಣ್ಣು, ಬಾಗಿಲಿಗೆ ಬೂದುಗುಂಬಳ. ಟ್ರೈಲರಿನ ಮೂತಿಗೂ ಎರಡು ಮೊಳ ಚೆಂಡುಹೂವು ಸುತ್ತಿದರು.

ಊಟ ಮುಗಿಸಿ ಬಾಳೆಲೆ ಎತ್ತುವ ಹೊತ್ತಿಗೆ ಫೋನು ಬಂತು. ಬಸವನಗುಡಿಯ ಬದರೀನಾರಾಯಣ ಮೇಷ್ಟ್ರು. ಮಾಯಣ್ಣನ ಮಗಳು ಹೇಮಶ್ರೀ ಗಣಿತದಲ್ಲಿ ಮುಳುಗುತ್ತಿದ್ದಾಗ ಮನೆಗೇ ಕರೆಸಿಕೊಂಡು ಪಾಠ ಹೇಳಿ ದಡ ಮುಟ್ಟಿಸಿದವರು.

"ಮಾಯಣ್ಣಾವ್ರೇ, ನಮ್ಮ ರಸ್ತೆ ಟ್ರಾನ್ಸ್‌ಫಾರ್ಮರ್ ಸುಟ್ಟೋಗಿದೆ. ನಮ್ಮನೆಯವಳು ಸುಂದರಮ್ಮ ಆಕ್ಸಿಜನ್ ಮಷೀನಲ್ಲಿದಾಳೆ. ಸಿಲಿಂಡರ್‌ನವನು ಹಬ್ಬ ಅಂತ ಅಂಗಡಿ ಮುಚ್ಚಿದಾನೆ, ಆಂಬುಲೆನ್ಸ್ ಯಾವಾಗ ಬರತ್ತೋ ಗೊತ್ತಿಲ್ಲ. ಯುಪಿಎಸ್ ಒಂದು ಗಂಟೆ ಬಂದ್ರೆ ಹೆಚ್ಚು."

"ಬಂದೆ ಸಾರ್. ಹತ್ತು ನಿಮಿಷ."

ಮಾಯಣ್ಣ ಪಿಕಪ್ಪನ್ನು ಹಿಂದಕ್ಕೆ ತೆಗೆದುಕೊಂಡು ಹುಕ್ಕು ಸೇರಿಸಿದ. ಟಕ್ ಎಂದು ಸದ್ದಾಯಿತು. ಒಳಗೆ ಓಡಿಬಂದು ದೇವರ ಕೋಣೆಯ ಹೊಸ್ತಿಲಲ್ಲಿ ನಿಂತ.

"ಲಕ್ಕಮ್ಮ, ಸರಪಳಿ ಬೇಕಿತ್ತಲ್ಲೇ."

"ಅಯ್ಯೋ, ಪೂಜೆಗಿಟ್ಟಿದ್ದನ್ನ ಕದಲಿಸ್ತಾರಾ? ಬೆಳಿಗ್ಗೆ ಆರತಿ ಆಗ್ಲಿ ಅನ್ನೋರು ನಿಮ್ಮಮ್ಮ," ಎಂದಳು ಲಕ್ಕಮ್ಮ. ಆಮೇಲೆ ಗಂಡನ ಮುಖ ನೋಡಿ, "ಬೇಕೇ ಬೇಕು ಅಂದ್ರೆ ತಗೊಳ್ಳಿ ಮತ್ತೆ," ಎಂದು ಪಕ್ಕಕ್ಕೆ ಸರಿದಳು.

ಅವಳ ಮೇಲೆ ಯಾರೂ ತಪ್ಪು ಹೊರಿಸಬೇಡಿ. ದಾರಿ ಬಿಟ್ಟಿದ್ದಳು. ಮಾಯಣ್ಣನ ಕೈಯೇ ಮುಂದೆ ಹೋಗಲಿಲ್ಲ. ದೀಪ ಉರಿಯುತ್ತಿತ್ತು, ಕುಂಕುಮ ಹಸಿಯಾಗಿತ್ತು, ಅಮ್ಮ ಎಲ್ಲೋ ನಿಂತು ನೋಡುತ್ತಿದ್ದಾಳೆ ಅನ್ನಿಸಿತು. "ಇಲ್ಲೇ ಎರಡು ಕಿಲೋಮೀಟರಿಗೆ ಏನಾಗತ್ತೆ," ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಟುಬಿಟ್ಟ. ಈ ಮಾತನ್ನು ಹಿಂದೆ ಎಲ್ಲಿ ಕೇಳಿದ್ದೆ ಎಂದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲೇ ಇಲ್ಲ.

ಬಸವನಗುಡಿಯ ಅಡ್ಡರಸ್ತೆಯ ಏರು ಹತ್ತುವಾಗ ಒಂದು ಹಂಪು ಬಂತು. ಮುಂದಿನ ಚಕ್ರ ಹಾರಿತು, ಹಿಂದಿನದು ಹಾರಿತು, ಪಿಕಪ್ಪು ಇದ್ದಕ್ಕಿದ್ದಂತೆ ಹಗುರಾಗಿ ಮುಂದಕ್ಕೆ ನೆಗೆಯಿತು. ಮಾಯಣ್ಣ ಕನ್ನಡಿ ನೋಡಿದ. ಟ್ರೈಲರು ಹಿಂದೆ ಇರಲಿಲ್ಲ. ಹೂವಿನ ಹಾರ ಹಾಕಿಕೊಂಡು, ತನ್ನ ಪಾಡಿಗೆ ತಾನು, ಇಳಿಜಾರಿನಲ್ಲಿ ವಾಪಸ್ಸು ಹೋಗುತ್ತಿತ್ತು.

ಬ್ರೇಕು ಒತ್ತಿದ್ದು, ಇಳಿದದ್ದು, ಓಡಿದ್ದು ಯಾವುದೂ ಅವನಿಗೆ ನೆನಪಿಲ್ಲ. "ಏಯ್! ಜರುಗ್ರೋ! ಜರುಗ್ರೋ!" ಎಂದು ಯಾರೋ ಅರಚುತ್ತಿದ್ದರು, ಅದು ತನ್ನದೇ ಗಂಟಲು. ಒಂದು ಆಟೋ ಗೋಡೆಗೆ ಅಂಟಿಕೊಂಡಿತು. ಸ್ಕೂಟರಿನವಳೊಬ್ಬಳು ಗಾಡಿ ಬಿಟ್ಟು ಹಾರಿದಳು. ಕೆಳಗಿನ ಮೂಲೆಯಲ್ಲಿ ಹೂವಿನಜ್ಜಿಯ ನೀಲಿ ಛತ್ರಿ ಇತ್ತು. ಟ್ರೈಲರು ಸೀದಾ ಆ ಛತ್ರಿಗೇ ಹೋಗಿ, ಹಿಂದಿನ ಮರಕ್ಕೆ ಬಡಿದು ಮಗುಚಿಕೊಂಡಿತು.

ಸದ್ದು ನಿಂತಮೇಲೆ ಡೀಸೆಲ್ಲು ತೊಟ್ಟಿಕ್ಕುವುದಷ್ಟೇ ಕೇಳುತ್ತಿತ್ತು. ಜನರೇಟರಿನ ಅಡಿಯಲ್ಲಿ ಮುರಿದ ಛತ್ರಿ, ಅಪ್ಪಚ್ಚಿಯಾದ ಬುಟ್ಟಿ, ಅದರಾಚೆ ಒಂದು ಜೊತೆ ಹವಾಯಿ ಚಪ್ಪಲಿ. ಐದಾರು ಜನ ಸೇರಿ ಕಬ್ಬಿಣ ಎತ್ತಲು ನೋಡಿದರು. ಮಾಯಣ್ಣ ನೆಲಕ್ಕೆ ಕೆನ್ನೆಯಿಟ್ಟು, "ಅಜ್ಜೀ, ಅಜ್ಜೀ," ಎಂದು ಒಳಗೆ ಕೈ ಹಾಕಿ ತಡಕಿದ. ಕೈಗೆ ಒದ್ದೆ ಅಂಟಿತು. ಎಳೆದು ನೋಡುವ ಧೈರ್ಯ ಬರಲಿಲ್ಲ. ಕೊಂದೆ, ನಾನೇ ಕೊಂದೆ ಎಂದುಕೊಂಡ.

"ಯಾವನೋ ಅವನು, ನನ್ನ ಜಾಗದಲ್ಲಿ ಬಂದು ಬಿದ್ದಿರೋನು?"

ಹೂವಿನಜ್ಜಿ ಬರಿಗಾಲಲ್ಲಿ, ಎದುರು ಬೇಕರಿಯ ಟೀ ಲೋಟ ಹಿಡಿದು ಹಿಂದೆ ನಿಂತಿದ್ದಳು. ಮಾಯಣ್ಣ ಕೈ ನೋಡಿಕೊಂಡ. ಹೂವಿಗೆ ಚಿಮುಕಿಸುವ ನೀರು. ಅವನು ಅಲ್ಲೇ ಕೂತು ಮಗುವಿನ ಹಾಗೆ ಅತ್ತುಬಿಟ್ಟ.

"ನಿಮಿಷ ಆಗಿಲ್ಲ ನಾನು ಎದ್ದು," ಎಂದಳು ಅಜ್ಜಿ. ಚಪ್ಪಲಿ ಕಂಡದ್ದೇ ಲೋಟ ಕೆಳಗಿಟ್ಟು ದೇವರಿಗೆ ಕೈ ಮುಗಿದಳು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮೇಷ್ಟ್ರು. "ಎಲ್ಲಿದೀರಿ? ಯುಪಿಎಸ್ ಕೂಗಕ್ಕೆ ಶುರು ಮಾಡಿದೆ. ಇನ್ನಿಪ್ಪತ್ತು ನಿಮಿಷ ತೋರಿಸ್ತಿದೆ."

ಮಗುಚಿದ ಜನರೇಟರು ಇನ್ನು ಏಳುವುದಿಲ್ಲ. ಹಬ್ಬದ ದಿನ, ಇಷ್ಟು ಹತ್ತಿರದಲ್ಲಿ, ಜನರೇಟರ್ ಇರುವವನು ಒಬ್ಬನೇ. ಮಾಯಣ್ಣ ಎಂಟು ತಿಂಗಳ ಬಿಗುಮಾನ ನುಂಗಿ ಫೋನು ಹಚ್ಚಿದ.

"ಶೀನ, ನನ್ನ ಟ್ರೈಲರ್ ಕಳಚ್ಕೊಂಡ್ಬಿಡ್ತು ಕಣೋ. ಮೇಷ್ಟ್ರ ಮನೇಲಿ ಅಮ್ಮಾವ್ರ ಉಸಿರು ನಿಲ್ಲೋ ಹಂಗಿದೆ. ನನಗಲ್ಲ, ಅವರಿಗೋಸ್ಕರ ಬಾರೋ."

"ಅಡ್ರೆಸ್ ಹೇಳು," ಎಂದ ಶೀನಣ್ಣ.

ಅಷ್ಟರಲ್ಲಿ ಟ್ರಾಫಿಕ್ ಸಬ್ ಇನ್‌ಸ್ಪೆಕ್ಟರ್ ಬಂದಿದ್ದರು, ಮಗಳ ವಯಸ್ಸಿನ ಹೆಣ್ಣುಮಗಳು. ಹುಕ್ಕಿನ ಬಾಯಿಗೆ ಟಾರ್ಚು ಬಿಟ್ಟು ನೋಡಿ, ಜಜ್ಜಿಹೋದ ಚೆಂಡುಹೂವು ಮತ್ತು ದಾರದ ಗಂಟನ್ನು ಎಳೆದು ತೆಗೆದರು. ಹಾರ ಸಿಕ್ಕಿಕೊಂಡು ಹುಕ್ಕಿನ ಲಾಕು ಪೂರ್ತಿ ಬಿದ್ದಿರಲೇ ಇಲ್ಲ. ಟಕ್ ಎಂದದ್ದು ಅರ್ಧಕ್ಕೆ.

"ಸರಿ, ಲಾಕ್ ಬೀಳಲಿಲ್ಲ. ಸೇಫ್ಟಿ ಚೈನ್ ಎಲ್ಲಿ?"

"ಮನೇಲಿದೆ ಮೇಡಂ."

"ಮನೇಲಿ ಯಾಕೆ?"

"ಪೂಜೆಗಿಟ್ಟಿದೀವಿ."

ಅವರು ಬರೆಯುವುದನ್ನು ನಿಲ್ಲಿಸಿದರು. ಪಿಕಪ್ಪಿನೊಳಗೆ ಅಂಟಿಸಿದ್ದ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. "ಇದನ್ನ ಬರೆಸಿದ್ಯಾರು?"

"ನಾನೇ." ಮಾಯಣ್ಣ ಎರಡೂ ಕೈ ಚಾಚಿದ. "ಬರ್ಕೊಳ್ಳಿ ಮೇಡಂ, ಎಲ್ಲಾ ಬರ್ಕೊಳ್ಳಿ. ಒಂದಕ್ಷರಾನೂ ಬಿಡಬೇಡಿ."

ಗಾಡಿ ಅವರ ವಶಕ್ಕೆ ಕೊಟ್ಟು, ಸಹಿ ಹಾಕಿ, ಮೇಷ್ಟ್ರ ಮನೆಗೆ ಅವನು ನಡೆದುಕೊಂಡೇ ಹೋದ. ರಸ್ತೆಯ ತಿರುವಿನಲ್ಲೇ ಜನರೇಟರಿನ ಸದ್ದು ಕೇಳಿಸಿತು, ಆದರೂ ನಂಬಿಕೆ ಬರಲಿಲ್ಲ. ಕಿಟಕಿಯಲ್ಲಿ ಇಣುಕಿದ. ಸುಂದರಮ್ಮ ದಿಂಬಿಗೆ ಒರಗಿದ್ದರು, ಮೂಗಿನಲ್ಲಿ ನಳಿಕೆ, ಎದೆ ಮೆಲ್ಲಗೆ ಏರಿಳಿಯುತ್ತಿತ್ತು. "ಯುಪಿಎಸ್ ನಿಲ್ಲಕ್ಕೆ ಎರಡೇ ನಿಮಿಷ ಇತ್ತು," ಎಂದರು ಮೇಷ್ಟ್ರು.

ಗೇಟಿನಾಚೆ ಶೀನಣ್ಣ ತನ್ನ ಗಾಡಿಗೆ ಒರಗಿ ನಿಂತಿದ್ದ. ಮಾಯಣ್ಣನ ಕಣ್ಣು ನೇರ ಹುಕ್ಕಿನ ಕೆಳಕ್ಕೆ ಹೋಯಿತು. ಎರಡು ಸರಪಳಿ, ಕತ್ತರಿಯ ಹಾಗೆ, ರಸ್ತೆಗೆ ತಾಗದಂತೆ. ಒಂದೊಂದಕ್ಕೂ ಅರಿಶಿನ, ಕುಂಕುಮ.

"ಬಿಚ್ಚಿ ಪೂಜೆಗಿಡಲಿಲ್ವೇನೋ?"

"ನಮ್ಮನೆಯವಳು ಬಿಚ್ಚಿ ಕೊಡಿ ಅಂದ್ಲು. ಬಿಚ್ಚಿದ ದಿನಾನೇ ಕಳಚ್ಕೊಳ್ಳೋದು ಅಂತ ಅರಚಿದ್ದಲ್ಲ ನೀನು, ಕಿವೀಲೇ ಕೂತಿತ್ತು. ಇದ್ದಲ್ಲೇ ಪೂಜೆ ಮಾಡು ಅಂದೆ." ಶೀನಣ್ಣ ಬೇರೆ ಕಡೆ ನೋಡಿದ. "ಎಂಟು ತಿಂಗಳಿಂದ ದಿನಾ ನಿನ್ನ ಬೈಕೊಂಡೇ ಹಾಕ್ತಿದೀನಿ ಇದನ್ನ."

ಮಾಯಣ್ಣ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು, ಆ ಸರಪಳಿ ಮುಟ್ಟಿ ಕಣ್ಣಿಗೊತ್ತಿಕೊಂಡ. ಬೆರಳಿಗೆ ಕುಂಕುಮ ಹತ್ತಿತು.

"ಏಳೋ ಸಾಕು," ಎಂದ ಶೀನಣ್ಣ. "ಮೇಷ್ಟ್ರು ಕಾಫಿ ತಂದಿದಾರೆ."