ಒಕ್ಕಣ್ಣ ಹುಟ್ಟಿದ್ದು ಹೀಗೆ

ಕಲ್ಲುಗಣಿಯಲ್ಲಿ ಸಿಡಿದ ಬಂಡೆಯ ಸಂದಿನಿಂದ ಆ ತಲೆಬುರುಡೆ ಉರುಳಿಬಿದ್ದ ದಿನ ಕುಲುಮೆಯವಳಿಗೆ ಅದನ್ನು ಹೋಗಿ ನೋಡಲು ಪುರುಸೊತ್ತಿರಲಿಲ್ಲ. ಮೊಂಡಾದ ಉಳಿಗಳು ಅವಳ ಮುಂದೆ ರಾಶಿ ಬಿದ್ದಿದ್ದವು. ಅವನ್ನು ಕಾಯಿಸಿ, ಬಡಿದು, ಮೊನೆ ಎಳೆದು, ನೀರಿಗದ್ದಿ ಕೊಡುವುದು ಅವಳ ಕೆಲಸ. ಹಿಂದೆ ಕಿಡಿ ಹಾರಿ ಅವಳಪ್ಪನ ಒಂದು ಕಣ್ಣು ಹೋಗಿತ್ತು. ಅಂದಿನಿಂದ ಆ ಮನೆಯಲ್ಲಿ ಕುಲುಮೆಗೆ ಕೂತವರೆಲ್ಲ ಎಡಗಣ್ಣಿಗೆ ತೊಗಲಿನ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. "ಹೋದ್ರೆ ಒಂದೇ ಹೋಗ್ಲಿ, ಇನ್ನೊಂದು ಅಕ್ಕಿ ಆರಿಸೋಕೆ ಬೇಕು" ಎಂದು ಅವಳು ನಗುತ್ತಿದ್ದಳು. ಎಷ್ಟೋ ಸಲ ಪಟ್ಟಿ ಇರುವುದೇ ಮರೆತು ಹಾಗೇ ಮನೆಗೆ ಬಂದುಬಿಡುವಳು. ಗಂಟು ಬಿಚ್ಚುವುದು ಮಗಳ ಪಾಲಿಗೆ ಬಿಟ್ಟದ್ದು.

ಸುದ್ದಿಯನ್ನು ಗಂಡ ಊಟದ ಹೊತ್ತಿಗೆ ತಂದ. ಬಂಡೆಗೆ ತೂತು ಕೊರೆದು ಮದ್ದು ತುಂಬುವವನು ಅವನು.

"ನನ್ನ ಎರಡು ತೋಳಿಗೂ ತಬ್ಬೋಕಾಗಲ್ಲ ಕಣೇ, ಅಷ್ಟು ದೊಡ್ಡದು. ಹಣೆ ಮಧ್ಯೆ ಒಂದೇ ಒಂದು ಕುಳಿ. ಕಣ್ಣಿದ್ದಿದ್ದು ಅಲ್ಲೇ ಅಂತೆ. ಒಕ್ಕಣ್ಣ ಅಂತ ನಾಮಕರಣಾನೂ ಆಯ್ತು."

"ಹೆಸರಿಟ್ಟ ಪುಣ್ಯಾತ್ಮ ಯಾರು?"

"ಇನ್ಯಾರು, ನಮ್ಮ ಮೇಸ್ತ್ರಿ."

ಮೇಸ್ತ್ರಿಗೆ ಆ ಬುರುಡೆ ಕಂಡಾಗಲೇ ಸಂಬಳ ಕೇಳದ ಕಾವಲುಗಾರ ಸಿಕ್ಕಂತಾಗಿತ್ತು. ಗಣಿಯ ಬಾಯಲ್ಲಿ ಕಂಬ ನೆಟ್ಟು ಅದನ್ನು ಏರಿಸಿದ. ಕೆಲಸ ಕದ್ದವರನ್ನು, ಎದುರು ಮಾತಾಡಿದವರನ್ನು ಒಕ್ಕಣ್ಣ ನೋಡಿಕೊಳ್ಳುತ್ತಾನೆ ಎಂದ. ಬಂಡೆ ಹೊತ್ತು ಬೆನ್ನು ಬಗ್ಗಿದ ಗಟ್ಟಿ ಆಳುಗಳೂ ಕಂಬದ ಹತ್ತಿರ ತಲೆ ತಗ್ಗಿಸಿ ನಡೆಯತೊಡಗಿದರು. ಮಗಳ ಶಾಲೆಯ ಮೇಷ್ಟ್ರು ಬಂದು ನೋಡಿ, "ಇದು ಆನೆ ಕಣ್ರಪ್ಪಾ. ಎಷ್ಟೋ ಸಾವಿರ ವರ್ಷದ ಹಿಂದಿಂದು. ಆ ಕುಳಿ ಕಣ್ಣಲ್ಲ, ಸೊಂಡಿಲು ಹೊರಡೋ ಜಾಗ" ಎಂದರು. ಮೇಸ್ತ್ರಿ ಅವರ ಕೆನ್ನೆಗೆ ಬಾರಿಸಿದ ಏಟಿಗೆ ಕನ್ನಡಕ ಹಾರಿಹೋಯಿತು. ಕೆಳಗೆ ಬಿದ್ದದ್ದನ್ನು ಮೆಟ್ಟಿ ಪುಡಿ ಮಾಡಿ, "ಈಗ ನೋಡು, ಆನೆ ಕಾಣುತ್ತಾ?" ಎಂದು ಹಲ್ಲು ಕಿರಿದ. ಆಳುಗಳೂ ನಕ್ಕರು. ನಗದೆ ಇದ್ದವನು ಅವಳ ಗಂಡ ಒಬ್ಬನೇ. ಮೇಸ್ತ್ರಿ ಅದನ್ನು ಗಮನಿಸಿಟ್ಟುಕೊಂಡ.

ಅದೇ ವಾರ ಒಂದು ದಿನ ಮದ್ದು ಸಿಡಿಯುವ ಸದ್ದನ್ನು ಅವಳು ತಿದಿ ಒತ್ತುತ್ತಲೇ ಕೇಳಿಸಿಕೊಂಡಳು. ಎಲ್ಲೋ ಒಂದು ಸದ್ದು ಕಡಿಮೆಯಾಯಿತಲ್ಲ ಅನ್ನಿಸಿತು. ತುಂಬಿದ ಮದ್ದು ಸಿಡಿಯದೆ ಉಳಿದರೆ, ತೂತು ಮಾತಾಡಲಿಲ್ಲ ಅನ್ನುತ್ತಾರೆ ಗಣಿಯವರು. ಮಾತಾಡದ ತೂತಿನ ಹತ್ತಿರ ಸುಳಿದವನು ಚೂರು ಚೂರಾಗುವುದು ಎಲ್ಲರಿಗೂ ಗೊತ್ತು. ಗಂಡ ಇದ್ದಾನಲ್ಲ, ಯಾರನ್ನೂ ಅದರ ಹತ್ತಿರ ಬಿಡುವುದಿಲ್ಲ ಎಂದುಕೊಂಡು ಅವಳು ಉಳಿಯನ್ನು ಬೆಂಕಿಗಿಟ್ಟಳು.

ಆ ಉಳಿ ಕೆಂಪಾಗುವ ಮೊದಲೇ ಗಂಡನನ್ನು ಹಲಗೆಯ ಮೇಲೆ ಹೊತ್ತು ತಂದರು. ಹಣೆಯ ನಟ್ಟನಡುವೆ ತೂತು.

"ಒಕ್ಕಣ್ಣ!" ಎಂದ ಮೇಸ್ತ್ರಿ, ಎದೆ ಬಡಿದುಕೊಳ್ಳುತ್ತ. "ನಿನ್ನ ಗಂಡ ಕುಡಿದು ಬಂದು ಅವನನ್ನ ಬೈದ. ತನ್ನ ಹಾಗೇ ಹಣೆಗೆ ಕುಳಿ ಮಾಡಿಬಿಟ್ಟ ನೋಡಮ್ಮಾ." ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗಳ ತಲೆ ಸವರಿ, "ಕುಡುಕ ಅಪ್ಪ ಆದ್ರೂ ಅಪ್ಪಾನೇ ಅಲ್ವಾ ಮಗಾ" ಎಂದ.

ಹೆಣ ತೊಳೆಯುವಾಗ ಅವಳು ಅಳಲಿಲ್ಲ. ಗಂಡನ ಬಾಯಿ ಮೂಸಿದಳು, ರಕ್ತ ಬಿಟ್ಟರೆ ಬೇರೆ ವಾಸನೆಯಿಲ್ಲ. ಎರಡೂ ಕೈಯ ಬೆರಳುಗಳು ಮುರಿದು ಜೋತಾಡುತ್ತಿದ್ದವು. ಏಟು ತಡೆಯಲು ಕೈ ಅಡ್ಡ ಹಿಡಿದಿದ್ದಾನೆ ಬಡಪಾಯಿ. ಹಣೆಯ ತೂತಿಗೆ ನಾಲ್ಕು ಮೂಲೆ. ಬಂಡೆ ತಟ್ಟಿ ನೋಡುವ ಸುತ್ತಿಗೆಗೆ ಎಲ್ಲರೂ ದುಂಡು ಮೊನೆ ಮಾಡಿಸಿಕೊಂಡರೆ, ಎಲ್ಲದರಲ್ಲೂ ಬೇರೆಯಾಗಿರಬೇಕೆನ್ನುವ ಮೇಸ್ತ್ರಿ ಮಾತ್ರ ಹಟ ಹಿಡಿದು ಚೌಕ ಮೊನೆ ಮಾಡಿಸಿದ್ದ. ಮಾಡಿಕೊಟ್ಟವಳು ಇವಳೇ.

ಗಂಡನ ಜೊತೆಗಾರ ಕುಂಟನನ್ನು ಹಿಡಿದು ಕೇಳಿದಳು. ಹಿಂದೆ ಕಾಲಿನ ಮೇಲೆ ಬಂಡೆ ಬಿದ್ದಾಗ ಅವನನ್ನು ಎಳೆದು ಬದುಕಿಸಿದ್ದು ಅವಳ ಗಂಡ.

"ನಾವೇನೂ ನೋಡ್ಲಿಲ್ಲ ಅತ್ತಿಗೆ" ಎಂದ ಕುಂಟ, ನೆಲ ನೋಡುತ್ತ. ಆಮೇಲೆ "ಒಳಗೆ ಯಾರೂ ಹೋಗ್ಬೇಡಿ ಅಂತ ಅಣ್ಣ ದಾರಿಗೆ ಅಡ್ಡ ನಿಂತಿದ್ದ" ಎಂದಷ್ಟೇ ಹೇಳಿ ಕಣ್ಣೊರೆಸಿಕೊಂಡ.

ಪೊಲೀಸರು ಬಂದರು, ಕಲ್ಲು ಸಿಡಿದು ಸತ್ತ ಎಂದು ಬರೆದುಕೊಂಡರು, ಹೋದರು. ಉಳಿದದ್ದು ಒಕ್ಕಣ್ಣನ ಮಾತೇ. ಮಗಳು ಹೊಸಲು ದಾಟಲು ಹೆದರಿದಳು. ಅಮ್ಮನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗುವಳು. "ಅಪ್ಪ ಯಾಕಮ್ಮಾ ಕುಡಿದ್ರು?" ಎಂದು ಕೇಳುವಳು. ಗಂಡನ ಸಾವನ್ನು ಹೇಗೋ ನುಂಗಿಕೊಂಡಾಳು, ಈ ಸುಳ್ಳು ಗಂಟಲಲ್ಲೇ ನಿಂತಿತು. ಹತ್ತು ಜನರ ಜೀವ ಕಾಯಲು ನಿಂತವನನ್ನು ಕುಡಿದು ಬಿದ್ದವನೆಂದು ಅವನ ಮಗಳೇ ನಂಬಿ ಬೆಳೆಯಬೇಕೇ? ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಮೇಸ್ತ್ರಿ ಮಗಳ ಮುಂದೆ ನಿಂತು ನಿಜ ಹೇಳಬೇಕು. ಹೋಗಿ ಕೇಳಿಯೂ ಕೇಳಿದಳು. ಅವನು ಅವಳ ಕತ್ತು ಹಿಸುಕಿ ಗೋಡೆಗೆ ಒತ್ತಿ, "ನಿನ್ನ ಮಗಳಿಗೂ ಹಣೆ ಇದೆ, ನೆನಪಿರ್ಲಿ" ಎಂದ.

ಆದರೆ ಒಕ್ಕಣ್ಣ ಮೇಸ್ತ್ರಿಗೇ ತಿರುಗಿಬಿದ್ದಿದ್ದ. ಮದ್ದು ಸಿಡಿದ ಮೇಲೆ ಮೊದಲು ಒಳಗೆ ಇಳಿಯಲು ಯಾರೂ ಒಪ್ಪರು. ಬೈದರೂ, ಒದ್ದರೂ ಕಾಲು ಕೀಳರು. ತಾನೇ ಹೆತ್ತ ಭೂತಕ್ಕೆ ಮೇಸ್ತ್ರಿಯೇ ಮೊದಲು ಮುಖ ಕೊಡಬೇಕಾಯಿತು. ಹೆದರಿಕೆಯೇನೂ ಇರಲಿಲ್ಲ ಬಿಡಿ, ಭೂತದ ಜಾತಕ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಒಂದು ಬೆಳಿಗ್ಗೆ ಅವನು ಕುಲುಮೆಗೆ ಬಂದು ಸುತ್ತಿಗೆಯನ್ನು ಅವಳ ಮುಂದೆ ಎಸೆದ. "ಮೊನೆ ಮೊಂಡಾಗಿದೆ. ಚೂಪು ಮಾಡಿಡು, ಬಂದು ತಗೋತೀನಿ."

ಎಂಥ ಧೈರ್ಯ! ಮೊನೆಯ ಮೂಲೆಯಲ್ಲಿ ಕಂದು ಕಲೆ ಒಣಗಿ ನಿಂತಿತ್ತು. ಅದನ್ನು ತೊಳೆಯುವಷ್ಟು ಬೆಲೆಯೂ ಈ ಸಾವಿಗಿರಲಿಲ್ಲ. ಅವಳು ಮೊನೆಯನ್ನು ಬೆಂಕಿಗಿಟ್ಟಳು. ಕಲೆ ಸೀದು ಹೊಗೆಯಾದಾಗ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬಡಿದಳು, ಎಳೆದಳು, ನೀರಿಗದ್ದಿದಳು. ಅಷ್ಟರಲ್ಲಿ ಗಣಿಯಲ್ಲಿ ಮದ್ದು ಸಿಡಿದು, ಬಿಳಿ ದೂಳು ಗೋಡೆಯ ಹಾಗೆ ಎದ್ದಿತು. ಅವಳು ಸುತ್ತಿಗೆ ಹಿಡಿದು ಹೊರಟಳು. ಕಣ್ಣಿನ ಪಟ್ಟಿ ಬಿಚ್ಚಬೇಕೆಂದು ಹೊಳೆಯಲೇ ಇಲ್ಲ.

ದೂಳಿನೊಳಗೆ ಮೇಸ್ತ್ರಿ ಕೆಮ್ಮುತ್ತ ನಿಂತಿದ್ದ.

"ನನ್ನ ಮಗಳ ಹತ್ರ ಬಾ. ಅವರಪ್ಪ ಕುಡಿದಿರ್ಲಿಲ್ಲ ಅಂತ ಹೇಳು."

"ನಿನ್ನ ಗಂಡನ ಹತ್ರಾನೇ ಕಳಿಸ್ತೀನಿ ಬಾ" ಎಂದು ಅವನು ಅವಳ ಹೊಟ್ಟೆಗೆ ಒದ್ದ. ಅವಳು ಮಕಾಡೆ ಬಿದ್ದಳು. ಬೆನ್ನ ಮೇಲೆ ಇನ್ನೊಂದು ಒದೆ ಬಿತ್ತು. ಮೂರನೆಯದಕ್ಕೆ ಎತ್ತಿದ ಕಾಲಿನ ಮಂಡಿಗೆ ಅವಳು ಬಿದ್ದಲ್ಲೇ ಹೊರಳಿ ಸುತ್ತಿಗೆ ಬೀಸಿದಳು. ಚಿಪ್ಪು ಒಡೆದ ಸದ್ದು ಕೇಳಿಸಿತು. ಅವನು ಕಿರುಚುತ್ತ ಕುಸಿದ.

"ಹೇಳ್ತೀನಿ! ತಾಯಿ, ಹೇಳ್ತೀನಿ! ನಾನೇ ಹೊಡೆದಿದ್ದು, ತಪ್ಪಾಯ್ತು!"

ಅವಳ ಕೈ ಕೆಳಗಿಳಿಯಿತು. ಬೇಕಾಗಿದ್ದದ್ದು ಆ ಮಾತೇ ಅಲ್ಲವೇ? ಅಷ್ಟು ಸಾಕಾಗಿತ್ತು ಅವಳಿಗೆ, ನಿಜವಾಗಿ ಸಾಕಾಗಿತ್ತು. ಆ ಗಳಿಗೆಯಲ್ಲೇ ಅವನು ನೆಲದ ಕಲ್ಲೆತ್ತಿ ಅವಳ ಮುಖಕ್ಕೆ ಬೀಸಿದ. ತಪ್ಪಿಸಿಕೊಂಡರೂ ಭುಜದ ಮೂಳೆ ಲಟಕ್ಕೆಂದಿತು. ಅವನು ಇನ್ನೊಂದು ಕಲ್ಲಿಗೆ ಕೈ ಚಾಚಿದಾಗ ಅವಳು ಉಳಿದ ಒಂದು ಕೈಯಿಂದಲೇ ಅವನ ಹಣೆಯ ನಡುವೆ ಹೊಡೆದಳು. ಕುಲುಮೆಯವಳ ಕೈ, ಗುರಿ ತಪ್ಪಲಿಲ್ಲ. ಕಿತ್ತು ಮತ್ತೊಮ್ಮೆ ಹೊಡೆದಳು. ಅದು ಬೇಕಿರಲಿಲ್ಲ. ಆದರೂ ಹೊಡೆದಳು. ಸುತ್ತಿಗೆ ಅಲ್ಲೇ ನೆಟ್ಟುಕೊಂಡು ನಿಂತಿತು.

ದೂಳು ಸ್ವಲ್ಪ ತೆಳುವಾಯಿತು. ದೂರದ ದಿಬ್ಬದ ಹಿಂದಿದ್ದ ಆಳುಗಳಿಗೆ ಕಂಡದ್ದು ಮೈಯೆಲ್ಲ ಬಿಳಿಯಾದ, ಮುಖಕ್ಕೆ ಒಂದೇ ಕಣ್ಣಿದ್ದ ಒಂದು ಆಕಾರ. ಪಟ್ಟಿ ದಿನಾ ನೋಡುವಂಥದ್ದೇ. ಆದರೆ ಎದೆಯೊಡೆದ ಗಂಡಸರಿಗೆ ಕುಲುಮೆಯವಳು ಎಲ್ಲಿ ಕಾಣಬೇಕು, ಕಾಯುತ್ತಿದ್ದವನೇ ಕಂಡ.

"ಒಕ್ಕಣ್ಣ! ಒಕ್ಕಣ್ಣ ಬಂದ! ಓಡ್ರೋ!" ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೂಗಿದವನು ಕುಂಟ. ಉಳಿದವರು ಕಾಲಿಗೆ ಬುದ್ಧಿ ಹೇಳಿದರು. ಅವನು ಮಾತ್ರ ಓಡಲಿಲ್ಲ. ಕುಂಟುತ್ತ ಒಳಗೆ ಬಂದು, ಸುತ್ತಿಗೆ ಕಿತ್ತು ತನ್ನ ಅಂಗಿಯಲ್ಲಿ ಸುತ್ತಿಕೊಂಡ.

"ನಾವೇನೂ ನೋಡ್ಲಿಲ್ಲ ಅತ್ತಿಗೆ" ಎಂದ. ಈ ಸಲ ಅವಳ ಮುಖ ನೋಡಿಯೇ ಹೇಳಿದ.

ಪೊಲೀಸರು ಮತ್ತೆ ಬಂದು ಮತ್ತೆ ಕಲ್ಲು ಸಿಡಿದದ್ದನ್ನೇ ಬರೆದುಕೊಂಡರು. ಕಂಬದ ಬುರುಡೆಗೆ ಕೈ ಮುಗಿಯುವವರು ಹೆಚ್ಚಾದರು.

ಮುರಿದ ಭುಜಕ್ಕೆ ಬಟ್ಟೆ ಬಿಗಿದುಕೊಂಡು ಅವಳು ಮನೆಯಲ್ಲಿ ಕೂತಿದ್ದಾಗ ಮಗಳು ಶಾಲೆಯಿಂದ ಓಡಿ ಬಂದಳು. "ಅಮ್ಮಾ, ಮೇಷ್ಟ್ರು ಬೋರ್ಡ್ ಮೇಲೆ ಬರೆದು ತೋರಿಸಿದ್ರು. ಅದು ಆನೆಯಂತೆ! ಸೊಪ್ಪು ತಿನ್ನುತ್ತಂತೆ, ಸತ್ತೇ ಎಷ್ಟೋ ಕಾಲ ಆಯ್ತಂತೆ. ಹಾಗಾದ್ರೆ ಅಪ್ಪನ್ನ ಕೊಂದಿದ್ದು ಯಾರು?"

ಅವಳು ಮಗಳನ್ನು ಹತ್ತಿರ ಕೂರಿಸಿಕೊಂಡಳು. "ಮೇಸ್ತ್ರಿ. ಮಾತಾಡದ ತೂತಿನ ಹತ್ರ ಯಾರೂ ಹೋಗ್ಬೇಡಿ ಅಂತ ನಿಮ್ಮಪ್ಪ ಅಡ್ಡ ನಿಂತಿದ್ರು. ಅದಕ್ಕೆ ಹೊಡೆದು ಕೊಂದ."

"ಅಪ್ಪ ಕುಡಿದಿರ್ಲಿಲ್ವಾ?"

"ಒಂದು ತೊಟ್ಟೂ ಇಲ್ಲ."

ಮಗಳು ಬಿಕ್ಕಿ ಬಿಕ್ಕಿ ಅತ್ತಳು. ಗಂಡ ಸತ್ತ ಮೇಲೆ ಮೊದಲ ಸಲ ತಾಯಿಯೂ ಅತ್ತಳು. ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಆಮೇಲೆ ಮಗಳು ಮೂಗೊರೆಸಿಕೊಂಡು ತಲೆಯೆತ್ತಿದಳು.

"ಮತ್ತೆ ಮೇಸ್ತ್ರೀನ ಕೊಂದಿದ್ದು?"

ಅವಳು ಭುಜದ ಬಟ್ಟೆ ಸರಿಮಾಡಿಕೊಂಡಳು. "ಒಕ್ಕಣ್ಣ" ಎಂದಳು.

ಮಗಳು ಅಮ್ಮನ ಭುಜ ನೋಡಿದಳು. ಗೋಡೆಯ ಮೊಳೆಗೆ ನೇತುಹಾಕಿದ್ದ ತೊಗಲಿನ ಪಟ್ಟಿ ನೋಡಿದಳು. ಅದರ ಅಂಚಿಗೆ ಅಂಟಿದ್ದ ರಕ್ತದ ಕಲೆಯನ್ನು ಯಾರೂ ತೊಳೆದಿರಲಿಲ್ಲ. ಪಟ್ಟಿಯನ್ನು ತೆಗೆದುಕೊಂಡು ಹೋಗಿ, ಹಿತ್ತಲಲ್ಲಿ ಉಜ್ಜಿ ಉಜ್ಜಿ ತೊಳೆದು, ತಂದು ಅದೇ ಮೊಳೆಗೆ ಹಾಕಿದಳು.

ಆ ದಿನ ಮಲಗುವಾಗ ಅವಳು ಅಮ್ಮನ ಸೆರಗು ಹಿಡಿಯಲಿಲ್ಲ. ತನ್ನ ಚಾಪೆಯನ್ನು ಎದುರಿನ ಗೋಡೆಯ ಬದಿಗೆ ಎಳೆದುಕೊಂಡು, ಕೈಯಿಂದ ಹಣೆ ಮುಚ್ಚಿಕೊಂಡು ಮಲಗಿದಳು.